ಎತ್ತಿ ಹಾಕುವ ಬಾಗಿಲು

ಬಾಗಿಲು ಹಾಕುವಾಗ ಆ ಮನುಷ್ಯ ಸಿಕ್ಕಿಬಿದ್ದ.

ಅದುವರೆಗೆ ಅವನ ನಟನೆಯಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ಹಳೆಯ ಕಾರುಗಳ ಮೇಲೆ ಪ್ರಾಣವನ್ನೇ ಇಟ್ಟುಕೊಂಡವನಂತೆ ಶೆಡ್ಡಿನ ಹೊಸ್ತಿಲಲ್ಲಿ ನಿಂತು ನಿಟ್ಟುಸಿರು ಬಿಟ್ಟಿದ್ದ. ಮುಂದಿನ ದೀಪಗಳ ಮೇಲಿನ ಧೂಳನ್ನು ತನ್ನ ಕರವಸ್ತ್ರದಿಂದಲೇ ಒರೆಸಿದ್ದ. ಇಂಥ ಗಾಡಿಯನ್ನು ಇಷ್ಟು ಹತ್ತಿರದಿಂದ ನೋಡುತ್ತಿರುವುದು ಜನ್ಮದಲ್ಲಿ ಇದೇ ಮೊದಲೆಂದೂ, ಮುಟ್ಟಲು ಅಪ್ಪಣೆ ಸಿಕ್ಕರೆ ಅದೇ ಭಾಗ್ಯವೆಂದೂ ಹೇಳಿಕೊಂಡಿದ್ದ. ಅಪ್ಪಣೆ ಸಿಕ್ಕಿತು. ಚಾಲಕನ ಬದಿಯ ಬಾಗಿಲು ತೆರೆದು ಕೂತ, ಸ್ಟಿಯರಿಂಗ್ ಹಿಡಿದು ಕಣ್ಣು ಮುಚ್ಚಿದ, ಇಳಿದ. ಇಳಿದವನು ಹಿಡಿಕೆಗೆ ಕೈ ಹಾಕಿ ಬಾಗಿಲನ್ನು ಒಂದಿಷ್ಟು ಮೇಲಕ್ಕೆತ್ತಿ, ಎತ್ತಿದ ಹಾಗೆಯೇ ತಳ್ಳಿ, ಸದ್ದಿಲ್ಲದೆ ಕೂರಿಸಿದ.

ಶೆಡ್ಡಿನ ಮೂಲೆಯಲ್ಲಿ ಮೊರ ಇಟ್ಟುಕೊಂಡು ಬಟಾಣಿ ಸುಲಿಯುತ್ತಿದ್ದ ಹೆಂಗಸಿನ ಕೈ ಅಲ್ಲಿಗೇ ನಿಂತಿತು.

ಆಕೆಯನ್ನು ಮನೆಯ ಸೋದರತ್ತೆ ಎಂದು ಅವನಿಗೆ ಪರಿಚಯಿಸಲಾಗಿತ್ತು. ಆಕೆ ಆ ಮನೆಗೆ ಅತ್ತೆಯೂ ಅಲ್ಲ, ನೆಂಟಳೂ ಅಲ್ಲ. ವಿಮಾ ಕಂಪನಿಯಲ್ಲಿ ಅಪಘಾತದ ವಾಹನಗಳ ತನಿಖೆ ಮಾಡಿ ನಿವೃತ್ತಳಾದ ಸರ್ವೇಯರ್. ಜಖಂ ಆದ ಗಾಡಿ ಕಂಡಲ್ಲಿ ಸೆರಗು ಬಿಗಿದು, ಟಾರ್ಚು ಹಿಡಿದು, ಅದರ ಅಡಿಗೆ ನುಸುಳುತ್ತಿದ್ದ ಕಾರಣಕ್ಕೆ ಗ್ಯಾರೇಜಿನವರೆಲ್ಲ ಟಾರ್ಚಮ್ಮ ಎಂದೇ ಕರೆಯುತ್ತಿದ್ದರು. ಮಾರುವುದಿಲ್ಲವೆಂದು ಹೇಳಿದ ಕಾರಿಗೆ, ಕರೆಯದೇ ಇದ್ದರೂ ಕೊಳ್ಳುವವರು ಒಬ್ಬರ ಹಿಂದೊಬ್ಬರು ಬರುತ್ತಿರುವುದೇಕೆಂದು ಕಂಡುಹಿಡಿಯಲು ಆ ಟಾರ್ಚಮ್ಮ ಈ ಶೆಡ್ಡಿನಲ್ಲಿ ಬಟಾಣಿ ಸುಲಿಯುತ್ತಿದ್ದಳು.

ಬಂದವನು ಹೋಗುವ ಮುನ್ನ ಕಾಗದಪತ್ರಗಳನ್ನು ಕೇಳಿದ. ಎಂಜಿನ್ ಕೆಟ್ಟಿದ್ದರೂ ಚಿಂತೆಯಿಲ್ಲ, ಟೈರು ಇಲ್ಲದಿದ್ದರೂ ಚಿಂತೆಯಿಲ್ಲ, ಗಾಡಿಯ ಮೂಲ ಕಾಗದಗಳು ಮಾತ್ರ ಮಾಸದೆ ಇರಬೇಕು ಎಂದ. ಅವು ಬ್ಯಾಂಕಿನ ಲಾಕರಿನಲ್ಲಿವೆ ಎಂದು ಕಾರಿನ ಒಡತಿ ಹೇಳಿದಾಗ ಅವನ ಮುಖದಲ್ಲಿ ಮೂಡಿದ ಸಂತೋಷ, ಕಾರನ್ನು ನೋಡಿದಾಗಲೂ ಮೂಡಿರಲಿಲ್ಲ.

ಅವನ ಬೈಕಿನ ಸದ್ದು ಬೀದಿ ತಿರುಗಿತು. ಟಾರ್ಚಮ್ಮ ಮೊರವನ್ನು ಪಕ್ಕಕ್ಕಿಟ್ಟು ಎದ್ದು, ಅದೇ ಬಾಗಿಲನ್ನು ತೆರೆದು ಸುಮ್ಮನೆ ತಳ್ಳಿದಳು. ಬಾಗಿಲು ಡಬ್ಬೆಂದು ಬಡಿದು ಹಿಂದಕ್ಕೆ ಬಂತು. ಇನ್ನೊಮ್ಮೆ ತಳ್ಳಿದಳು. ಮತ್ತೆ ಹಿಂದಕ್ಕೆ ಬಂತು. ಎತ್ತಿ ಹಾಕಿದಳು. ಮಾತು ಕೇಳುವ ಮಗುವಿನಂತೆ ಕೂತಿತು.

“ಮೊದಲು ಒಬ್ಬರು ಬಂದಿದ್ದರಲ್ಲ, ಹಲ್ಲಿನ ಡಾಕ್ಟರು ಅಂತ ಹೇಳಿಕೊಂಡು. ಅವರು ಬಾಗಿಲು ಹೇಗೆ ಹಾಕಿದರು?”

ಒಡತಿ ಯೋಚಿಸಿದಳು. ಆಕೆ ಡ್ರೈವಿಂಗ್ ಸ್ಕೂಲ್ ನಡೆಸುವವಳು. ದಿನಾ ಹತ್ತಾರು ಮಂದಿ ಬಾಗಿಲು ಬಡಿಯುವುದನ್ನು ನೋಡಿ ನೋಡಿ ಕಣ್ಣು ಪಳಗಿತ್ತು. ಡಾಕ್ಟರೂ ಎತ್ತಿಯೇ ಹಾಕಿದ್ದರೆಂದು ನೆನಪಾದಾಗ ಅವಳ ಬಾಯಿ ತೆರೆದುಕೊಂಡೇ ಉಳಿಯಿತು.

ಆಮೇಲೆ ಸಿನಿಮಾ ಕಂಪನಿಯವನೆಂದು ಬಂದವನನ್ನು ಟಾರ್ಚಮ್ಮ ಇದೇ ಮೂಲೆಯಲ್ಲಿ ಕೂತು ಕಣ್ಣಾರೆ ನೋಡಿದ್ದಳು. ಅವನೂ ಎತ್ತಿ ಹಾಕಿದ್ದ. ಈ ಮನೆಗೆ ಬಂದಾಗಿನಿಂದ ತಾನೂ ಎತ್ತಿ ಹಾಕಿ ಅಭ್ಯಾಸವಾಗಿದ್ದುದರಿಂದ ಅದು ಆಗ ವಿಚಿತ್ರವೆಂದೇ ಅನ್ನಿಸಿರಲಿಲ್ಲ. ತನ್ನ ಮೇಲೆ ತನಗೇ ಸಿಟ್ಟು ಬಂತು.

ಬೆಲೆಯ ವಿಷಯದಲ್ಲೂ ಈಗ ಒಂದು ತಾಳ ಕೇಳಿಸತೊಡಗಿತು. ಡಾಕ್ಟರು ಕಾರನ್ನು ಆಕಾಶಕ್ಕೇರಿಸಿ ಹೋಗಿ ಮತ್ತೆ ತಲೆ ಹಾಕಿರಲಿಲ್ಲ. ಸಿನಿಮಾದವನು ತುಕ್ಕು ತೋರಿಸಿ ಅದನ್ನು ನೆಲಕ್ಕಿಳಿಸಿದ. ಇವತ್ತಿನವನು, ಪಾಪ, ಗುಜರಿಗೆ ಹೋಗುವ ಬದಲು ತನ್ನ ಮನೆಯಲ್ಲಾದರೂ ಇರಲಿ ಎಂದು ಕನಿಕರಪಟ್ಟ. ಇಂಥ ಕಸುಬನ್ನು ಟಾರ್ಚಮ್ಮ ಬಲ್ಲಳು. ಬಂದವರು ಮೂವರಾದರೂ ಕಳಿಸಿದವನು ಒಬ್ಬ ದಲ್ಲಾಳಿ. ಮೊದಲು ಆಸೆ ಹುಟ್ಟಿಸುವುದು, ಆಮೇಲೆ ಅನುಮಾನ ಹುಟ್ಟಿಸುವುದು, ಕೊನೆಗೆ, ಸದ್ಯ ಇಷ್ಟಾದರೂ ಸಿಕ್ಕಿತಲ್ಲ ಎಂಬ ಸಮಾಧಾನ ಹುಟ್ಟಿಸಿ ಗಾಡಿ ಎತ್ತಿಕೊಂಡು ಹೋಗುವುದು.

ಆದರೆ ದಲ್ಲಾಳಿಗೆ ಬಾಗಿಲ ಗುಟ್ಟು ಹೇಳಿದವರು ಯಾರು?

ಈ ಪ್ರಶ್ನೆ ಕೇಳಬಾರದಿತ್ತೆಂಬಂತೆ ಒಡತಿ ಕಾರಿನ ಬೆನ್ನನ್ನು ಸವರುತ್ತಾ ನಿಂತಳು. ಆ ಬಾಗಿಲು ಇಳಿಬಿದ್ದದ್ದಕ್ಕೆ ಕಾರಣ ಅವಳ ತಂದೆಯ ಶಿಷ್ಯಕೋಟಿ. ಊರಿನ ಅರ್ಧ ಜನ ಡ್ರೈವಿಂಗ್ ಕಲಿತದ್ದು ಇದೇ ಕಾರಿನಲ್ಲಿ. ಮೊದಲ ದಿನ ಹತ್ತುವವರು ಹೆದರಿಕೆಗೆ ಬಾಗಿಲಿಗೆ ಜೋತುಬೀಳುತ್ತಿದ್ದರು. ಇಳಿಯುವಾಗ ಬದುಕಿದೆನೆಂಬ ಸಂತೋಷಕ್ಕೆ ಜೋತುಬೀಳುತ್ತಿದ್ದರು. ಕೀಲು ಸವೆದು ಬಾಗಿಲು ಸೊಂಟ ಮುರಿದವರ ಹಾಗಾಯಿತು. ಆ ಶಿಷ್ಯರಿಗೆ ಬಾಗಿಲು ಹಾಕುವ ಕೆಲಸ ಇರಲಿಲ್ಲ, ತಂದೆಯೇ ಹಾಕುತ್ತಿದ್ದರು. ಎತ್ತಿ ಹಾಕುವುದು ಮನೆಯವರಿಗಷ್ಟೇ ಗೊತ್ತು. ತಂದೆ ಈಗಿಲ್ಲ, ತಾಯಿಯೂ ಇಲ್ಲ, ರಿಪೇರಿ ಮಾಡುತ್ತಿದ್ದ ಮೇಸ್ತ್ರಿಯೂ ತೀರಿಕೊಂಡು ಬಹಳ ಕಾಲವಾಯಿತು.

ಉಳಿದವರು ಇಬ್ಬರು. ಅವಳು, ಕಾರಿನಲ್ಲಿ ಸಮಪಾಲಿರುವ ಅವಳ ಅಣ್ಣ.

“ಕಾರು ಹೋದ್ರೆ ಹೋಗ್ಲಿ ಅಕ್ಕ,” ಎಂದಳು ಒಡತಿ. “ನನಗಿರೋದು ಒಬ್ಬನೇ ಅಣ್ಣ. ವಾರಕ್ಕೊಂದು ಸಲ ಊಟಕ್ಕೆ ಬರ್ತಾನೆ, ಇವತ್ತೂ ಬರ್ತಾನೆ. ಅನುಮಾನ ಇಟ್ಕೊಂಡು ಬಡಿಸೋಕೆ ನನ್ನ ಕೈಲಾಗಲ್ಲ. ಹೌದು ಅಂದ್ರೆ ಮುಖಕ್ಕೆ ಕೇಳಿಬಿಡ್ತೀನಿ. ಅಲ್ಲ ಅಂದ್ರೆ ಅನುಮಾನಪಟ್ಟೆ ಅಂತ ಅವನಿಗೆ ಯಾವತ್ತೂ ಗೊತ್ತಾಗಬಾರದು.”

ಅವನು ಊಟಕ್ಕೆ ಕೂರುವುದರೊಳಗೆ ಹೇಳುವುದಾಗಿ ಮಾತು ಕೊಟ್ಟು ಟಾರ್ಚಮ್ಮ ಹೊರಟಳು. ಸುಲಿದ ಬಟಾಣಿಯನ್ನು ವ್ಯರ್ಥ ಮಾಡಬೇಡವೆಂದೂ, ಅಣ್ಣನಿಗೆ ಪಲ್ಯ ಮಾಡೆಂದೂ ಹೇಳಲು ಮರೆಯಲಿಲ್ಲ.

ಅಣ್ಣನದು ಕನ್ನಡಕದ ಅಂಗಡಿ. ಗಾಜಿನ ಕಪಾಟುಗಳಲ್ಲಿ ಕಣ್ಣಿಲ್ಲದ ನೂರಾರು ಕನ್ನಡಕಗಳು ಬೀದಿಯನ್ನು ದಿಟ್ಟಿಸುತ್ತಿದ್ದವು. ಆತ ಟಾರ್ಚಮ್ಮನನ್ನು ಆದರದಿಂದ ಕೂರಿಸಿದ. ತಂಗಿಯ ಮನೆಯ ಕಾರಿನ ವಿಷಯವೆಂದು ತಿಳಿದೊಡನೆ ಆದರ ಇನ್ನಷ್ಟು ಹೆಚ್ಚಾಯಿತು. ಹೇಗೂ ಬಂದಿದ್ದೀರಿ, ಕಣ್ಣು ಒಮ್ಮೆ ನೋಡಿಬಿಡೋಣ ಎಂದು, ಆಕೆ ಬೇಡವೆನ್ನುವಷ್ಟರಲ್ಲಿ ಭಾರವಾದ ಪರೀಕ್ಷೆಯ ಚೌಕಟ್ಟೊಂದನ್ನು ಅವಳ ಮೂಗಿನ ಮೇಲೆ ಏರಿಸಿಯೇಬಿಟ್ಟ.

ಟಾರ್ಚಮ್ಮ ತನ್ನ ಜೀವಮಾನದಲ್ಲಿ ಎಷ್ಟೋ ಬಗೆಯ ಜನರನ್ನು ವಿಚಾರಣೆ ಮಾಡಿದ್ದಳು. ವಿಚಾರಣೆಗೆ ಗುರಿಯಾದವನೇ ತನ್ನ ಕಣ್ಣಿಗೆ ಗಾಜು ತೊಡಿಸುವ ಅನುಭವ ಹೊಸದು. ಕಾರು ಕೊಳ್ಳಲು ಯಾರಾದರೂ ಇಲ್ಲಿಗೂ ಬಂದಿದ್ದರೇ ಎಂದು ಕೇಳಿದರೆ, ಆತ ಎಡಗಣ್ಣಿಗೆ ಒಂದು ಗಾಜು ಹಾಕುವನು. ಗೋಡೆಯ ಮೇಲಿನ ಅಕ್ಷರಗಳು ಮಾಯವಾಗುವವು. ಕಡೆಯ ಬಾರಿ ಆ ಕಾರಿನ ಬಾಗಿಲು ಮುಟ್ಟಿದ್ದು ಯಾವಾಗ ಎಂದರೆ ಬಲಗಣ್ಣಿಗೆ ಇನ್ನೊಂದು, ಆತನೇ ಮಾಯವಾಗುವನು. ಉತ್ತರ ಕಷ್ಟವಾದಷ್ಟೂ ಗಾಜು ದಪ್ಪವಾಗುತ್ತಿತ್ತು.

“ಈಗ ಚೆನ್ನಾಗಿ ಕಾಣ್ತಿದೆಯಾ, ಮೊದಲೇ ಚೆನ್ನಾಗಿತ್ತಾ ಮೇಡಂ?”

“ಮೊದಲೇ ಚೆನ್ನಾಗಿತ್ತು. ಆಗ ನಿಮ್ಮ ಮುಖ ಕಾಣ್ತಿತ್ತು.”

ಆತನ ಕೈ ಗಾಳಿಯಲ್ಲೇ ನಿಂತಿತು. ಟಾರ್ಚಮ್ಮ ಚೌಕಟ್ಟನ್ನು ತಾನೇ ತೆಗೆದು ಮೇಜಿನ ಮೇಲಿಟ್ಟಳು. ಎದುರಿಗೆ ಕಂಡದ್ದು ಕಳ್ಳನ ಮುಖವಲ್ಲ, ಮುಜುಗರಪಟ್ಟವನ ಮುಖ. ಎರಡಕ್ಕೂ ವ್ಯತ್ಯಾಸವಿದೆ. ಕಳ್ಳ ಮೊದಲು ನಿಮ್ಮನ್ನು ನೋಡುತ್ತಾನೆ. ಮುಜುಗರದವನು ನೆಲ ನೋಡುತ್ತಾನೆ.

ಆತ ಮೇಜಿನ ಸೆಳೆಖಾನೆ ಎಳೆದು, ಮುರಿದ ಫ್ರೇಮುಗಳ ಅಡಿಯಿಂದ ಒಂದು ವಿಸಿಟಿಂಗ್ ಕಾರ್ಡು ಹೊರತೆಗೆದ. ಹಿಂದಿನ ತಿಂಗಳು ಒಬ್ಬ ದಲ್ಲಾಳಿ ಬಂದಿದ್ದನಂತೆ. ಗ್ಯಾರೇಜಿನ ಎಣ್ಣೆ, ಮಸಿಗಳ ನಡುವೆ ಬದುಕುವವನು ಬೆಳ್ಳಗಿನ ಬೂಟು ಹಾಕಿಕೊಂಡು ಬಂದಿದ್ದನ್ನು ಕಂಡು ಆತನಿಗೆ ಮೊದಲು ನಗು ಬಂದಿತ್ತು. ತಂಗಿಗೆ ಹೇಳದೆ ನಿಮ್ಮ ಪಾಲಿಗೆ ಸಹಿ ಹಾಕಿಕೊಡಿ, ಮಿಕ್ಕಿದ್ದು ನಾವು ನೋಡಿಕೊಳ್ಳುತ್ತೇವೆ ಎಂದಾಗ ನಗು ನಿಂತಿತು. ಬೈದು ಬೀದಿಗೆ ಅಟ್ಟಿದ. ತಂಗಿಗೆ ಮಾತ್ರ ಹೇಳಲಿಲ್ಲ. ಹೇಳಿದರೆ, ತಾನೇ ಕರೆಸಿ, ಬೆಲೆ ಕುದುರದೆ ಬಿಟ್ಟೆನೆಂದು ಅವಳು ತಿಳಿದಾಳೆಂಬ ಅಳುಕು. ದಿನ ಕಳೆದಂತೆ, ಹೇಳದೆ ಇದ್ದದ್ದೇ ದೊಡ್ಡ ಸುಳ್ಳಿನ ಹಾಗೆ ಬೆಳೆದು ಕೂತಿತ್ತು.

“ನನ್ನ ಹತ್ತಿರ ಹೋಗಿ ಕೇಳಿ ಅಂತ ಅವಳೇ ಹೇಳಿದಳಾ ಮೇಡಂ?”

ಕಣ್ಣಿಗೆ ನಿಜವಾಗಿಯೂ ಒಂದು ಓದುವ ಕನ್ನಡಕ ಬೇಕಾಗಿದೆ, ಮುಂದಿನ ವಾರ ಬರುತ್ತೇನೆ ಎಂದು ಹೇಳಿ ಟಾರ್ಚಮ್ಮ ಕಾರ್ಡು ಎತ್ತಿಕೊಂಡು ಹೊರಬಿದ್ದಳು. ಆತ ಹೇಳಿದ್ದು ನಿಜವೆಂದು ಮನಸ್ಸು ಹೇಳುತ್ತಿತ್ತು. ಆದರೆ ಮನಸ್ಸಿನ ಮಾತು ನಂಬಿ ವಿಮಾ ಕಂಪನಿ ಯಾವತ್ತೂ ಹಣ ಕೊಟ್ಟಿಲ್ಲ. ಆತ ಹೇಳಿಲ್ಲವೆಂದ ಮೇಲೆ, ಬಾಗಿಲ ಗುಟ್ಟು ಆ ಮನೆಯ ಗೋಡೆ ಹಾರಿದ್ದು ಹೇಗೆ?

ಕಾರ್ಡಿನಲ್ಲಿ ‘ಶೋರೂಮ್’ ಎಂದಿತ್ತು. ಹೋಗಿ ನೋಡಿದರೆ ಹಿಂದೆಂದೋ ಮಂಜುಗಡ್ಡೆ ಮಾಡುತ್ತಿದ್ದ ಕಾರ್ಖಾನೆ. ಎತ್ತರದ ಛಾವಣಿ, ತೇವ ಬಿಡದ ಗೋಡೆ, ಉದ್ದಕ್ಕೂ ಬಟ್ಟೆ ಹೊದ್ದು ಮಲಗಿದ ಕಾರುಗಳು. ಬಾಗಿಲ ಬಳಿ ಮಸಿ ಹತ್ತಿದ ಅಂಗಿ ತೊಟ್ಟು ಚಹಾ ಕುಡಿಯುತ್ತಿದ್ದ ಒಬ್ಬ, ಆಕೆಯನ್ನು ಕಂಡವನೇ ಲೋಟ ಕೆಳಗಿಟ್ಟು ಎದ್ದುನಿಂತ. ಬೆಳಿಗ್ಗೆ ಸ್ಟಿಯರಿಂಗ್ ಹಿಡಿದು ಕಣ್ಣು ಮುಚ್ಚಿದ್ದ ರಸಿಕ.

“ಬಟಾಣಿ ಅತ್ತೆ,” ಎಂಬ ಮಾತು ಅವನ ಬಾಯಿಂದ ತಾನಾಗಿಯೇ ಜಾರಿತು.

“ಪಲ್ಯ ಆಗಿದೆ, ನಿನಗೂ ಎತ್ತಿಟ್ಟಿದೆ,” ಎಂದು ಟಾರ್ಚಮ್ಮ ನಿಲ್ಲದೆ ಒಳಗೆ ನಡೆದಳು.

ಒಳಗಿದ್ದ ಬಿಳಿ ಬೂಟಿನ ದಲ್ಲಾಳಿ ಐವತ್ತು ದಾಟಿದ, ಮಾತಿನಲ್ಲಿ ಮೈಸವರುವ ಮನುಷ್ಯ. ಆಕೆ ಯಾರೆಂದು ತಿಳಿದ ಮೇಲೂ ಅವನ ಮುಗುಳ್ನಗೆ ಅಲುಗಲಿಲ್ಲ. ಒಂದೇ ಗಾಡಿಗೆ ಮೂವರನ್ನು ಕಳಿಸುವುದು ವ್ಯಾಪಾರದ ರೀತಿ, ಅದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ ಎಂದ. ಮಾರಲು ಇಷ್ಟವಿಲ್ಲದವರಿಗೆ ಇಷ್ಟ ಬರಿಸುವುದೇ ತನ್ನ ಹೊಟ್ಟೆಪಾಡು ಎಂದೂ ಸೇರಿಸಿದ.

“ಅದನ್ನ ಕೇಳೋಕೆ ಬಂದಿಲ್ಲ. ನಿಮ್ಮ ಮೂರು ಜನಕ್ಕೂ ಆ ಬಾಗಿಲು ಎತ್ತಿ ಹಾಕಬೇಕು ಅಂತ ಹೇಳಿಕೊಟ್ಟದ್ದು ಯಾರು?”

ನಗೆ ಈಗ ಅಲುಗಿತು. ಅವನು ಬಾಗಿಲ ಬಳಿಯ ರಸಿಕನ ಕಡೆಗೆ ನೋಡಿದ. ರಸಿಕ ಚಹಾದ ಲೋಟದೊಳಗೆ ಏನನ್ನೋ ಹುಡುಕತೊಡಗಿದ.

“ಎತ್ತಿ ಹಾಕಿದ್ಯೇನೋ?”

“ಕೈಗೆ ರೂಢಿ ಆಗೋಗಿದೆ ಅಣ್ಣ. ಬಾಗಿಲು ಬಡಿದವನಿಗೆ ಕೆಲಸ ಇಲ್ಲ ಅಂತ ನೀವೇ ಅಲ್ವಾ ದಿನಾ ಅನ್ನೋದು.”

ರೂಢಿ. ಆ ಒಂದು ಮಾತು ಟಾರ್ಚಮ್ಮನ ಕಿವಿಯಲ್ಲಿ ಗಂಟೆಯಂತೆ ಮೊಳಗಿತು. ಯಾರೋ ಹೇಳಿದ್ದನ್ನು ನೆನಪಿಟ್ಟುಕೊಂಡು ಮಾಡುವವನ ಕೈ ಒಂದು ಗಳಿಗೆ ತಡೆಯುತ್ತದೆ. ಬೆಳಿಗ್ಗೆ ಈತನ ಕೈ ತಡೆದಿರಲಿಲ್ಲ. ಹೇಳಿಸಿಕೊಂಡು ಬಂದ ವಿದ್ಯೆ ಅಲ್ಲ ಅದು. ದಿನವೂ ಮಾಡಿ ಮೈಗೂಡಿದ್ದು.

ಆಕೆ ಚೀಲದಿಂದ ಟಾರ್ಚು ತೆಗೆದಳು. ಹೊದಿಕೆಯ ಸಾಲಿನ ಪಕ್ಕದಲ್ಲಿ ನಡೆಯುತ್ತಾ ಹೋದಳು. ಬಟ್ಟೆಯೊಳಗಿನ ಮೈಕಟ್ಟನ್ನು ಅಂದಾಜು ಮಾಡುವುದು ಆಕೆಗೆ ಕಷ್ಟವಲ್ಲ. ಇದು ಚೌಕ ಮೂತಿಯದು, ಇದು ಎರಡೇ ಬಾಗಿಲಿನದು, ಇದರ ಬಾಲ ಉದ್ದ. ಕೊನೆಯದರ ಮುಂದೆ ನಿಂತಳು. ಬಿಳಿ ಬೂಟಿನವನು ಅಡ್ಡ ಬರಲಿಲ್ಲ. ಅಡ್ಡ ಬಂದರೂ ಪ್ರಯೋಜನವಿಲ್ಲವೆಂದು ಅರಿತವನಂತೆ ಕೈಕಟ್ಟಿ ನಿಂತ.

ಹೊದಿಕೆ ಸರಿಯಿತು. ಒಡತಿಯ ಶೆಡ್ಡಿನ ಕಾರೇ ಹಿಂಬಾಲಿಸಿ ಬಂದು ಇಲ್ಲಿ ನಿಂತಂತಿತ್ತು. ಅದೇ ಮಾದರಿ, ಅದೇ ಬೂದು ಬಣ್ಣ. ಟಾರ್ಚಮ್ಮ ಚಾಲಕನ ಬದಿಯ ಬಾಗಿಲು ತೆರೆದು ಸುಮ್ಮನೆ ತಳ್ಳಿದಳು.

ಡಬ್ಬೆಂದು ಬಡಿದು ಹಿಂದಕ್ಕೆ ಬಂತು.

ಆಕೆ ಮಂಡಿಯೂರಿ ಒಳಗೆ ಬೆಳಕು ಬಿಟ್ಟಳು. ಚಾಲಕನ ಪಕ್ಕದ ಸೀಟಿನ ಮುಂದೆ, ನೆಲದ ತಗಡಿನಲ್ಲಿ, ಯಾವ ಕಾರ್ಖಾನೆಯೂ ಕೊರೆಯದ ರಂಧ್ರಗಳಿದ್ದವು. ಗುರು ಕೂರುವ ಜಾಗ. ಶಿಷ್ಯ ಹೆದರಿದಾಗ ಗುರು ಒತ್ತುವ ಬ್ರೇಕು ಇದ್ದ ಜಾಗ. ಹಾಗಾದರೆ ಇದೂ ಡ್ರೈವಿಂಗ್ ಕಲಿಸಿದ ಕಾರು. ಇದರ ಬಾಗಿಲಿಗೂ ಎಷ್ಟೋ ಜನ ಜೋತುಬಿದ್ದಿದ್ದಾರೆ. ದಲ್ಲಾಳಿಯ ಹುಡುಗರು ಈ ಕಾರಿನ ಮೇಲೆ ಪಳಗಿ, ಆ ಕಾರಿನ ಬಳಿ ಹೋಗಿ ಅದೇ ಕೈ ತೋರಿಸಿದ್ದಾರೆ. ಯಾರೂ ಹೇಳಿಕೊಟ್ಟಿಲ್ಲ. ಯಾವ ಅಣ್ಣನೂ ಹೇಳಿಕೊಟ್ಟಿಲ್ಲ.

ಟಾರ್ಚಮ್ಮನಿಗೆ ಬೆಳಗಿನಿಂದ ಎದೆಯ ಮೇಲಿದ್ದ ಭಾರ ಇಳಿದಂತಾಯಿತು. ಒಡತಿಗೆ ಹೇಳಲು ಫೋನು ಕೈಗೆತ್ತಿಕೊಂಡಳು. ಆದರೆ ಕುತೂಹಲವೆಂಬುದು ಆಕೆಯ ಹುಟ್ಟುಗುಣ. ಎದ್ದು ಹೋಗಬೇಕಾದವಳು ಬಾನೆಟ್ಟು ಎತ್ತಿಸಿ ಗಾಡಿಯ ಗುರುತಾದ ಚಾಸಿ ನಂಬರು ಕೊರೆದಿರಬೇಕಾದ ಕಡೆ ಬೆಳಕು ಹಿಡಿದಳು. ನಂಬರು ಇರಲಿಲ್ಲ. ಉಜ್ಜಿ ನುಣುಪು ಮಾಡಿದ್ದರು. ಉಜ್ಜಿದ್ದು ಹೊಸದು, ಲೋಹ ಇನ್ನೂ ಫಳಫಳ ಹೊಳೆಯುತ್ತಿತ್ತು.

“ಅಂದ್ರೆ ನಿಮಗೆ ಬೇಕಾಗಿರೋದು ಆ ಕಾರಲ್ಲ, ಅದರ ಕಾಗದ,” ಎಂದಳು. “ಅದರ ನಂಬರು ತಂದು ಇದರ ಮೇಲೆ ಕೂರಿಸೋಕೆ. ಇದು ವ್ಯಾಪಾರದ ರೀತಿ ಅಂತ ಪೊಲೀಸರ ಮುಂದೆ ಹೇಳಿ ನೋಡಿ.”

ಬಿಳಿ ಬೂಟಿನವನು ಮೊದಲ ಬಾರಿಗೆ ಕುರ್ಚಿ ಹುಡುಕಿ ಕೂತ. ಬೂಟಿನ ತುದಿಗೆ ಹತ್ತಿದ್ದ ಎಣ್ಣೆಯ ಚುಕ್ಕೆಯನ್ನು ಬೆರಳಿನಿಂದ ಒರೆಸಲು ಹೋಗಿ ಇನ್ನಷ್ಟು ಹರಡಿಕೊಂಡ. ಗಾಡಿ ಕದ್ದದ್ದಲ್ಲ, ಅದನ್ನು ತಂದಿಟ್ಟವರು ಮರ್ಯಾದಸ್ಥರು, ಅದಕ್ಕೆ ಕಾಗದವಿಲ್ಲದ್ದು ತನ್ನ ತಪ್ಪಲ್ಲ, ನಂಬರು ಉಜ್ಜು ಎಂದದ್ದೂ ಅವರೇ, ಆ ಮನೆಯ ಕಾಗದ ತರಿಸು ಎಂದದ್ದೂ ಅವರೇ ಎಂದು ಒಂದೇ ಉಸಿರಿಗೆ ಒಪ್ಪಿಸಿದ.

“ಅವರು ಅಂದ್ರೆ?”

“ಮಾಲೀಕರ ವಿಷಯ ಹೇಳೋ ಪದ್ಧತಿ ನಮ್ಮಲ್ಲಿಲ್ಲ ಅಮ್ಮ.”

“ಹಾಗಾದ್ರೆ ಪೊಲೀಸರೇ ಕೇಳಲಿ.”

ಅವನು ಬೂಟು ಒರೆಸುವುದನ್ನು ಬಿಟ್ಟ.

“ಹೊರಗಿನವರೇನಲ್ಲ. ಆ ಮನೆಯವರೇ. ಆಯಮ್ಮನ ಅಣ್ಣ.”

ಇಳಿದ ಭಾರ ಇಮ್ಮಡಿಯಾಗಿ ಮೇಲೇರಿತು. ಗಾಜಿನ ಮೇಲೆ ಗಾಜು ಹಾಕಿ ಆ ಕನ್ನಡಕದವನು ತನ್ನ ಕಣ್ಣು ಕಟ್ಟಿಬಿಟ್ಟನೇ? ನೆಲ ನೋಡಿದವನನ್ನು ನಂಬಿ ತಾನು ಎದ್ದು ಬಂದೆನೇ? ಡ್ರೈವಿಂಗ್ ಸ್ಕೂಲಿನ ಗೋಡೆಯ ಮೇಲಿದ್ದ ಅಣ್ಣ ತಂಗಿಯರ ಚಿತ್ರವನ್ನು ಆಕೆ ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದಳು. ಅದನ್ನು ದೊಡ್ಡದು ಮಾಡಿ ಅವನ ಮುಖದ ಮುಂದೆ ಹಿಡಿದಳು.

“ಇವರೇ ತಾನೆ?”

ಬಿಳಿ ಬೂಟಿನವನು ನೋಡಿದ. ಅವನ ಮುಖದಲ್ಲಿ ಕಾಣಿಸಿಕೊಂಡ ಆಶ್ಚರ್ಯ ನಟನೆಯದಲ್ಲ.

“ಇವರು ಕನ್ನಡಕದ ಅಂಗಡಿಯವರು. ನಾನೇ ಹೋಗಿ ಕೇಳಿದ್ದೆ, ಬೈದು ಕಳಿಸಿದರು. ನಾನು ಹೇಳಿದ್ದು ಇವರನ್ನಲ್ಲ ಅಮ್ಮ. ದೊಡ್ಡವರನ್ನ.”

“ಆ ಮನೆಯಲ್ಲಿ ಇರೋರು ಇಬ್ಬರೇ ಮಕ್ಕಳು.”

“ಹಾಗಂತ ಇವರಿಬ್ಬರು ಅಂದ್ಕೊಂಡಿದ್ದಾರೆ.” ಅವನು ಬೂದು ಬಣ್ಣದ ಕಾರಿನ ಕಡೆಗೆ ಗಲ್ಲ ಎತ್ತಿ ತೋರಿಸಿದ. “ಇವರ ಅಪ್ಪ ಸ್ಕೂಲ್ ನಡೆಸಿದ್ದು ಒಂದೇ ಊರಲ್ಲಲ್ಲ. ಸಂಸಾರ ನಡೆಸಿದ್ದೂ ಒಂದೇ ಊರಲ್ಲಲ್ಲ. ಮೊದಲನೇ ಸ್ಕೂಲಿನ ಕಾರು ಇದು. ತಂದಿಟ್ಟದ್ದು ಮೊದಲನೇ ಮಗ.”

ಮಂಜುಗಡ್ಡೆಯ ಕಾರ್ಖಾನೆಯಲ್ಲಿ ಎಲ್ಲೋ ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತು. ಅದರ ಸದ್ದಿನ ನಡುವೆ ಟಾರ್ಚಮ್ಮನ ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ಪರದೆಯ ಮೇಲಿದ್ದ ಅಣ್ಣ ತಂಗಿಯರ ನಗುಮುಖ ಸರಿದು ಒಡತಿಯ ನಂಬರು ಬಂತು. ದನಿ ಬಹಳ ತಗ್ಗಿತ್ತು. ಅಡುಗೆಮನೆಯ ಬಾಗಿಲು ಮರೆಮಾಡಿಕೊಂಡು ಮಾತಾಡುತ್ತಿದ್ದಳೆಂದು ತಿಳಿಯುತ್ತಿತ್ತು.

“ಅಕ್ಕ, ಬಂದಿದ್ದಾನೆ. ಕೈ ತೊಳೀತಿದ್ದಾನೆ, ಈಗ ಬಡಿಸಬೇಕು. ಹೌದೋ ಅಲ್ವೋ, ಒಂದೇ ಮಾತು ಹೇಳಿಬಿಡಿ. ಅವರನ್ನೆಲ್ಲ ಕಳಿಸಿದ್ದು ನಮ್ಮಣ್ಣನಾ?”